ನೀಲವ್ವನ ಫೋನಿಗೆ ಬಂದ ‘ಸರ್ಕಾರಿ ಶುಲ್ಕ’

ಈ ಪ್ರಕರಣದ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಉಳಿದಿರಬಹುದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ದಿನಚರಿ ಬರೆಯುವ ರೂಢಿ ಇದೆ. ಆದರೆ ಕೆಲಸ ತುಂಬಿದ್ದ ದಿನಗಳಲ್ಲೇ ಅದರ ಪುಟ ಖಾಲಿ ಉಳಿದಿರುತ್ತದೆ. ಇದು ನಡೆದದ್ದು ಕೊರೋನಾ ಮುಗಿದ ಮೇಲಿನ ಎರಡನೆಯ ಬೇಸಿಗೆಯಲ್ಲಿ ಎಂದು ನನ್ನ ನೆನಪು. ನೀಲವ್ವನ ಹೆಸರು ಮೊದಲು ಕಾಣುವ ಪುಟದಲ್ಲಿ ಮಾತ್ರ “ಮಳೆ, ಹುನಗುಂದದ ಬಸ್ಸು ತಡ” ಎಂದಿದೆ. ಅಂದು ಅಡ್ಡಮಳೆ ಬಂದಿತ್ತೋ, ನಾನು ಬೇಸಿಗೆ ಎಂದುಕೊಂಡದ್ದೇ ತಪ್ಪೋ ಗೊತ್ತಿಲ್ಲ. ತೆರಿಗೆಗೆ ಸಂಬಂಧಿಸಿದ ಮಾತುಗಳನ್ನಷ್ಟೇ ಕಾಯ್ದೆಯ ಪುಸ್ತಕ ತೆರೆದು ಮತ್ತೊಮ್ಮೆ ನೋಡಿ ಬರೆದಿದ್ದೇನೆ.

ಆಗ ನಾನು ದೂರವಾಣಿ ಲೆಕ್ಕಪತ್ರ ವಿಭಾಗದ ನೌಕರಿಯಿಂದ ಸ್ವಯಂ ನಿವೃತ್ತಿ ಪಡೆದು, ಬಾಗಲಕೋಟೆಯ ನವನಗರದಲ್ಲಿ ತೆರಿಗೆ ಸಲಹೆಯ ಸಣ್ಣ ಕಚೇರಿ ನಡೆಸುತ್ತಿದ್ದೆ. ಬುಧವಾರಕ್ಕೊಮ್ಮೆ ಹುನಗುಂದಕ್ಕೆ ಹೋಗಿ, ಕೋರ್ಟಿನ ಹತ್ತಿರ ವಕೀಲ ಗೆಳತಿಯೊಬ್ಬಳ ಕೋಣೆಯಲ್ಲಿ ಕುಳಿತು ಅಡತಿ ಅಂಗಡಿಯ ದಲ್ಲಾಳಿ ವ್ಯಾಪಾರಿಗಳ ಜಿ.ಎಸ್.ಟಿ. ರಿಟರ್ನ್‌ಗಳನ್ನು ನೋಡುತ್ತಿದ್ದೆ. ಅಂಥದೊಂದು ಬುಧವಾರ, ಇಳಕಲ್ಲಿನಿಂದ ಬಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಸೆರಗಿನ ಗಂಟಿನಿಂದ ಒಂದು ಬಿಲ್ಲು ತೆಗೆದು ನನ್ನ ಮುಂದಿಟ್ಟಳು.

“ಅಕ್ಕಾರ, ಇದನ್ನ ಓದಿ ಹೇಳ್ರಿ. ನಾ ಫ್ಯಾಕ್ಟರಿ ಆಗೇನಂತ.”

“ಯಾರು ಹಂಗಂದವ್ರು?”

“ಫೋನಿನವ್ರು. ಇದು ಮನಿ ಫೋನ್ ಅಲ್ಲಂತ, ಫ್ಯಾಕ್ಟರಿ ಫೋನಂತ. ನನ್ನ ಸೊಸಿ ನಗಾಕತ್ತಾಳ. ಅತ್ತಿ, ನೀ ಮಾಲಕಿ ಆದಿ, ನನಗ ಪಗಾರ ಚಾಲೂ ಮಾಡು ಅಂತಾಳ.”

ಅವಳೇ ನೀಲವ್ವ. ಇಳಕಲ್ ಸೀರೆ ನೇಯುವವಳು. ಗಂಡ ತೀರಿಕೊಂಡಿದ್ದ. ಮಗ ಗ್ರಾನೈಟ್ ಲಾರಿ ಓಡಿಸುತ್ತ ತಿಂಗಳಲ್ಲಿ ಹೆಚ್ಚು ದಿನ ಊರಲ್ಲಿರುತ್ತಿರಲಿಲ್ಲ. ಅವಳು, ಸೊಸೆ, ಮೊಮ್ಮಗಳು ಮೂವರೂ ಒಂದು ದೊಡ್ಡ ಕೋಣೆ ಮತ್ತು ಅಡುಗೆಮನೆ ಇದ್ದ ಮನೆಯಲ್ಲಿ ವಾಸವಾಗಿದ್ದರು.

ಅವಳ ಫೋನು ಹಳೆಯ ತಂತಿಯ ಫೋನಲ್ಲ. ಈ ಭಾಗದ ಕೆಲವು ಊರುಗಳಲ್ಲಿ ಫೈಬರ್ ಎಳೆದಿದ್ದ ಒಂದು ಖಾಸಗಿ ಕಂಪನಿ ಇಂಟರ್‌ನೆಟ್ ಜೊತೆ ಮನೆಗೊಂದು ಫೋನನ್ನೂ ಕೊಡುತ್ತಿತ್ತು. ಗೋಡೆಯ ಮೇಲಿನ ಬಾಕ್ಸಿನ ಹಿಂದೆ ಫೋನಿನ ಒಂದು ತೂತು ಇರುತ್ತದೆ. ನಾವು ಆಡುವ ಮಾತು ಸಣ್ಣ ಸಣ್ಣ ತುಣುಕುಗಳಾಗಿ ಇಂಟರ್‌ನೆಟ್ ಮೂಲಕವೇ ಹೋಗುತ್ತದೆ. ಹಿಡಿದು ಮಾತಾಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಟ್ರಿಣ್ ಅನ್ನುತ್ತದೆ, ಎತ್ತಿದರೆ ಹಲೋ ಅನ್ನಬಹುದು. ಕಂಪನಿ ನೀಲವ್ವನಿಗೆ ಎಸ್.ಟಿ.ಡಿ. ಕೋಡು ಸಮೇತ ಒಂದು ನಂಬರ್ ಕೊಟ್ಟು ಐದಾರು ವರ್ಷಗಳಾಗಿದ್ದವು.

ಬಿಲ್ಲಿನಲ್ಲಿ ಇದ್ದದ್ದು ಇಷ್ಟು. ಅವಳ ಮನೆಯ ಪ್ಲಾನನ್ನು ಹಿಂದಿನ ತಾರೀಖಿನಿಂದಲೇ ಬಿಸಿನೆಸ್ ಪ್ಲಾನ್ ಎಂದು ಬದಲಿಸಿದ್ದರು. ಅದರ ಬಾಡಿಗೆ ಮನೆಯ ಪ್ಲಾನಿನ ಮೂರು ಪಟ್ಟಿಗೂ ಹೆಚ್ಚು. ಅದರ ಕೆಳಗೆ ‘ಸರ್ಕಾರಿ ಶುಲ್ಕ’ ಎಂಬ ಸಾಲು. ಬಾಕ್ಸಿಗಾಗಿ ಹೊಸದಾಗಿ ಕೇಳಿದ ಡಿಪಾಜಿಟ್ಟು. ಎಲ್ಲವನ್ನೂ ಕೂಡಿಸಿ ಅದರ ಮೇಲೆ ಜಿ.ಎಸ್.ಟಿ. ಕೊನೆಯಲ್ಲಿ ಒಂದು ಎಚ್ಚರಿಕೆ: ತಿಂಗಳೊಳಗೆ ಕಟ್ಟದಿದ್ದರೆ ಸಂಪರ್ಕ ಕಡಿದು ನಂಬರನ್ನು ಬೇರೆಯವರಿಗೆ ಕೊಡಲಾಗುವುದು. ಹೊರಗಿನ ಕರೆಗಳನ್ನು ಆಗಲೇ ನಿಲ್ಲಿಸಿದ್ದರು. ಒಳಗೆ ಬರುವ ಕರೆಗಳೂ ಆ ವಾರ ನಿಂತಿದ್ದವು.

ನಾನು ಸುಲಭದ ದಾರಿ ಹೇಳಿದೆ. “ಇಷ್ಟು ತ್ರಾಸ ಯಾಕ ನೀಲವ್ವ? ಸೊಸಿ ಮೊಬೈಲ್ ನಂಬರ ಕೊಟ್ಟುಬಿಡು ಎಲ್ಲಾರಿಗೂ.”

“ಯಾರಿಗಂತ ಕೊಡ್ಲಿ? ಸೀರಿ ಮಡಿಕಿ ಒಳಗ ಒಂದೊಂದು ಚೀಟಿ ಇಟ್ಟು ಕೊಟ್ಟೇನ್ರಿ, ಈ ನಂಬರ ಬರೆಸಿ. ಚೀಟಿ ಸೀರಿ ಕೂಡ ಹೋಗಿಬಿಟ್ಟಾವ. ಸೋಲಾಪುರದಾಗ ಯಾರ ಟ್ರಂಕಿನ್ಯಾಗ ಅದಾವೋ, ಸಾಂಗಲಿದಾಗ ಯಾರ ಟ್ರಂಕಿನ್ಯಾಗ ಅದಾವೋ, ನನಗೇನ್ ಗೊತ್ತು?”

ಆ ಮಾತು ಕೇಳಿದ ಮೇಲೆ ಅವಳ ತೊಂದರೆ ನನಗೆ ಸರಿಯಾಗಿ ಅರ್ಥವಾಯಿತು. ಇಳಕಲ್ಲಿನಲ್ಲಿ ಬಹಳ ನೇಕಾರರು ಸಾವಕಾರರಿಂದ ನೂಲು, ರೇಷ್ಮೆ ಪಡೆದು, ಸೀರೆ ನೇಯ್ದು ಕೊಟ್ಟು, ಕೂಲಿ ತೆಗೆದುಕೊಳ್ಳುತ್ತಾರೆ. ಸೀರೆ ಯಾರು ಉಟ್ಟರೆಂದು ಅವರಿಗೆ ತಿಳಿಯುವುದಿಲ್ಲ. ನೀಲವ್ವನೂ ಇಪ್ಪತ್ತು ವರ್ಷ ಹಾಗೆಯೇ ನೇಯ್ದವಳು. ಈ ಫೋನು ಬಂದ ಮೇಲೆ ಅವಳು ತನ್ನದೇ ನೂಲು ತಂದು, ಉಡುವವರಿಂದಲೇ ನೇರವಾಗಿ ಹೇಳಿಸಿಕೊಂಡು ನೇಯತೊಡಗಿದ್ದಳು. ಒಂದು ಮದುವೆಯಲ್ಲಿ ಸೀರೆ ನೋಡಿದವರು ಇನ್ನೊಂದು ಮದುವೆಗೆ ಚೀಟಿ ನೋಡಿ ಫೋನ್ ಮಾಡುತ್ತಿದ್ದರು. ನಂಬರ್ ಹೋದರೆ ಅವಳು ಮತ್ತೆ ಸಾವಕಾರನ ಕಟ್ಟೆ ಹತ್ತಬೇಕು.

“ಹತ್ತಿದರ ಅಂವ ಏನಂತಾನ ಗೊತ್ತೇನ್ರಿ? ಬಂದೇನವಾ ಮಾಲಕಿ, ಕೂಡು ಅಂತಾನ. ಆ ಮಾತು ಕೇಳೂಕಿಂತ ಮಗ್ಗ ಮುಚ್ಚಿಬಿಡ್ತೇನಿ,” ಎಂದಳು.

ಕಂಪನಿಯ ಹುನಗುಂದದ ಏಜೆಂಟ್ ಮಂಜುನಾಥನ ಅಂಗಡಿ ಎರಡು ಓಣಿ ಆಚೆ ಇತ್ತು. ಅಂದೇ ಅವಳನ್ನು ಕರೆದುಕೊಂಡು ಹೋದೆ. ಅವನು ಕೆಟ್ಟವನಲ್ಲ. ಕುರ್ಚಿ ಹಾಕಿ ಚಹಾ ತರಿಸಿದ.

“ಧಂಧೆ ಇದ್ದಲ್ಲಿ ಟ್ಯಾಕ್ಸ್ ಜಾಸ್ತಿ ಇರತೈತ್ರಿ ಮೇಡಂ. ಇದು ಸರ್ಕಾರದ್ದು. ನಮ್ಮ ಕೈಯಾಗ ಏನೈತಿ?”

“ಯಾವ ಕಾಯ್ದೆದಾಗ ಐತಿ ಅದು?”

“ಕಂಪ್ಯೂಟರ್‌ನ್ಯಾಗ ಬರತೈತ್ರಿ.”

“ಕಂಪ್ಯೂಟರ್ ಯಾವ ಕಾಯ್ದೆ ಓದೇತಿ?” ಎಂದೆ. ಅವನೂ ನಕ್ಕ. ನಗುತ್ತಲೇ ಹುಬ್ಬಳ್ಳಿಯ ಕಚೇರಿಯ ವಿಳಾಸ ಬರೆದುಕೊಟ್ಟ.

ಇಲ್ಲಿ ಓದುಗರಿಗೆ ಸ್ವಲ್ಪ ತೆರಿಗೆ ಪಾಠ ಹೇಳಬೇಕು. ಚಿಕ್ಕದಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಫೋನು ತಂತಿಯ ಮೂಲಕ ಬರಲಿ, ಇಂಟರ್‌ನೆಟ್ ಮೂಲಕ ಬರಲಿ, ಅದು ದೂರಸಂಪರ್ಕ ಸೇವೆ, ಜಿ.ಎಸ್.ಟಿ. ಶೇಕಡಾ ಹದಿನೆಂಟು. ರಾಜ್ಯದೊಳಗಿನ ಕಂಪನಿಯಾದರೆ ಒಂಬತ್ತು ಕೇಂದ್ರಕ್ಕೆ, ಒಂಬತ್ತು ರಾಜ್ಯಕ್ಕೆ. ಇಂಟರ್‌ನೆಟ್ ಮತ್ತು ಫೋನು ಒಂದೇ ಪ್ಲಾನಿನಲ್ಲಿ ಬಂದರೂ ಎರಡಕ್ಕೂ ದರ ಅದೇ ಆದ್ದರಿಂದ ಜಗಳವಿಲ್ಲ. ಬಾದಾಮಿಯ ದೊಡ್ಡ ಲಾಡ್ಜಿಗೂ ನೀಲವ್ವನ ಮನೆಗೂ ದರ ಒಂದೇ. ಧಂಧೆ ಇದ್ದಲ್ಲಿ ತೆರಿಗೆ ಜಾಸ್ತಿ ಎಂಬುದು ಸುಳ್ಳು. ಜಾಸ್ತಿ ಇರುವುದು ಕಂಪನಿಯ ಬಾಡಿಗೆ. ಒಂದು ವ್ಯತ್ಯಾಸವೇನೋ ಉಂಟು. ಲಾಡ್ಜಿನಂಥ ಜಿ.ಎಸ್.ಟಿ. ನೋಂದಣಿ ಇರುವವರು ಫೋನಿಗೆ ಕಟ್ಟಿದ ತೆರಿಗೆಯನ್ನು ಸಾಮಾನ್ಯವಾಗಿ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ನೋಂದಣಿ ಬೇಕಾಗದಷ್ಟು ಸಣ್ಣ ವ್ಯಾಪಾರದ ನೀಲವ್ವನಿಗೆ ಅದು ಹೋಯಿತೆಂದರೆ ಹೋಯಿತು. ದರ ಒಂದೇ ಇದ್ದರೂ ಭಾರ ಒಂದೇ ಅಲ್ಲ. ಇದನ್ನು ನಾನು ನೌಕರಿಯಲ್ಲಿದ್ದಷ್ಟು ದಿನ ಯೋಚಿಸಿರಲಿಲ್ಲ.

‘ಸರ್ಕಾರಿ ಶುಲ್ಕ’ ಎಂಬುದು ಇನ್ನೂ ಜಾಣತನದ ಸಾಲು. ಫೋನ್ ಕಂಪನಿಗಳು ತಮ್ಮ ಆದಾಯದ ಒಂದು ಪಾಲನ್ನು ಲೈಸೆನ್ಸ್ ಫೀ ಎಂದು ಸರ್ಕಾರಕ್ಕೆ ಕಟ್ಟಬೇಕು. ಅದು ಕಂಪನಿಯ ಹೊಣೆ, ಅಂಗಡಿಕಾರ ತನ್ನ ಮಳಿಗೆಗೆ ಬಾಡಿಗೆ ಕಟ್ಟಿದ ಹಾಗೆ. ಆ ಖರ್ಚನ್ನು ಲೆಕ್ಕ ಹಿಡಿದೇ ಅವರು ಪ್ಲಾನಿನ ಬೆಲೆ ಇಡುತ್ತಾರೆ. ಬೆಲೆ ಏರಿಸಬೇಕಿದ್ದರೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿ ಏರಿಸಲಿ. ಗಿರಾಕಿಯ ಮೇಲೆ ಸರ್ಕಾರವೇ ಹೇರಿದ್ದು ಎನ್ನುವಂತೆ ಬೇರೆ ಸಾಲು ಬರೆಯುವುದು ಸರಿಯಲ್ಲ. ಇನ್ನು ಡಿಪಾಜಿಟ್ಟು ಮರಳಿ ಕೊಡಬೇಕಾದ ಹಣ. ಅದನ್ನು ಬಿಲ್ಲಿಗೆ ಹೊಂದಿಸಿಕೊಳ್ಳುವ ತನಕ ಅದರ ಮೇಲೆ ಜಿ.ಎಸ್.ಟಿ. ಹಾಕುವಂತಿಲ್ಲ.

ಇಷ್ಟನ್ನು ಬರೆದು ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. “ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ” ಎಂದು ಉತ್ತರ ಬಂತು. ದೂರಸಂಪರ್ಕ ಕಂಪನಿಗಳು ದೂರಿನ ಮೇಲೆ ಮೇಲ್ಮನವಿ ಕೇಳುವ ಒಂದು ಪ್ರಾಧಿಕಾರವನ್ನು ಇಟ್ಟಿರಲೇಬೇಕು. ಅಲ್ಲಿಗೆ ಬರೆದೆ. ಮೇಲ್ಮನವಿ ತೀರ್ಮಾನವಾಗುವ ತನಕ ನಂಬರ್ ಬೇರೆಯವರಿಗೆ ಹೋಗಬಾರದು ಎಂದು ಮೊದಲು ಕೇಳಿಕೊಂಡೆ, ಅದನ್ನು ಒಪ್ಪಿದರು. ಉಸಿರಾಡಲು ಸ್ವಲ್ಪ ಸಮಯ ಸಿಕ್ಕಿತು.

ಮೇಲ್ಮನವಿ ಅಧಿಕಾರಿ ಜೋಶಿ ಎಂಬುವರು ಹುಬ್ಬಳ್ಳಿಯಿಂದ ಫೋನ್ ಮಾಡಿದರು. ಮೆದು ಮಾತಿನ, ಕೇಳಿಸಿಕೊಳ್ಳುವ ಗುಣದ ಮನುಷ್ಯ. ಸರ್ಕಾರಿ ಶುಲ್ಕದ ಬಗ್ಗೆ, ಡಿಪಾಜಿಟ್ಟಿನ ತೆರಿಗೆಯ ಬಗ್ಗೆ ನಾನು ಬರೆದದ್ದು ಸರಿ ಇರುವಂತಿದೆ ಎಂದರು. “ಆದರ ಪ್ಲಾನ್ ಬದಲಿ ಮಾಡಿದ್ದು ಹೆಂಗ ತಪ್ಪಾಗತದ ಹೇಳ್ರಿ? ನಮ್ಮ ಷರತ್ತಿನ್ಯಾಗ ವಾಸದ ಮನಿ ಅಂತ ಅದ. ನನ್ನ ಮುಂದ ಫೋಟೋ ಅದ. ಬರೇ ಮಗ್ಗ ಅದ ಅದರಾಗ. ಮನಿ ಎಲ್ಲದ?”

ಆ ಫೋಟೋವನ್ನು ಅವರು ನನಗೂ ಕಳಿಸಿದರು. ಗಿರಾಕಿಗಳ ಮರುಪರಿಶೀಲನೆಗೆಂದು ಮಂಜುನಾಥ ತೆಗೆದದ್ದು. ಗುಡಿಸಿ ಒರೆಸಿದ ನೆಲ. ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗಕ್ಕೆ ಅರಿಷಿಣ, ಕುಂಕುಮ, ಹೂವು. ಗೋಡೆಯ ಮೇಲೆ ಬಾಕ್ಸು, ಅದರ ಕೆಳಗೆ ಸ್ಟೂಲಿನ ಮೇಲೆ ಫೋನು. ಪಕ್ಕದಲ್ಲಿ ಹೊಸ ಸೀರೆ ಉಟ್ಟು ನಿಂತ ನೀಲವ್ವ. ಒಂದು ಹಾಸಿಗೆಯಿಲ್ಲ, ಹಗ್ಗದ ಮೇಲೆ ಬಟ್ಟೆಯಿಲ್ಲ, ತಂಬಿಗೆಯೂ ಇಲ್ಲ.

ನೀಲವ್ವನನ್ನು ಕೇಳಿದೆ. “ಹೌದ್ರಿ, ಫೋಟೋ ತಗೀತೇನಿ ಅಂದ. ಹಾಸಿಗಿ ಹೊಚಗಿ ಎಲ್ಲಾ ಬಾಜು ಮನಿ ಶಂಕ್ರವ್ವನ ಮನ್ಯಾಗ ಇಟ್ಟು ಬಂದ್ವಿ. ಪರರ ಮುಂದ ಹಾಸಿಗಿ ಹರವಿ ಕುಂದರೂದೇನ್ರಿ?” ಎಂದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆ ಚಂದ ಕಾಣಲೆಂದು ಮನೆಯನ್ನೇ ಹೊರಗೆ ಸಾಗಿಸಿದ್ದಳು. ಹುಬ್ಬಳ್ಳಿಯಲ್ಲಿ ಆ ಫೋಟೋ ನೋಡಿದ ಗುಮಾಸ್ತ ಕಾರ್ಖಾನೆ ಎಂದು ಬರೆದದ್ದರಲ್ಲಿ ಅವನ ತಪ್ಪೂ ದೊಡ್ಡದಲ್ಲ.

ಒಂದು ಅನುಮಾನ ನನಗೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆ ಫೋನಿನಿಂದ ಅವಳು ವ್ಯಾಪಾರ ಮಾಡುತ್ತಿದ್ದದ್ದು ನಿಜ. ಹಾಗಾದರೆ ಅದು ಮನೆಯ ಫೋನು ಹೇಗೆ? ಎರಡು ದಿನ ಈ ಪ್ರಶ್ನೆ ತಲೆಯಲ್ಲಿ ತಿರುಗಿತು. ಕೊನೆಗೆ ಷರತ್ತನ್ನೇ ಮತ್ತೆ ಓದಿದೆ. ಫೋನಿನಲ್ಲಿ ಏನು ಮಾತಾಡುತ್ತಾರೆ ಎಂದು ಅದು ಎಲ್ಲೂ ಕೇಳಿರಲಿಲ್ಲ. ಎಲ್ಲಿ ಜೋಡಿಸಿದೆ ಎಂದಷ್ಟೇ ಕೇಳಿತ್ತು. ತೆರಿಗೆ ಕಾಯ್ದೆಯೂ ಹಾಗೆಯೇ. ಫೈಬರ್ ಮೂಲಕ ಬರುವ ಇಂಥ ಸ್ಥಿರ ಫೋನಿನ ಸೇವೆ ಎಲ್ಲಿ ಸಂದಿತು ಎಂಬುದನ್ನು ಲೈನು ಜೋಡಿಸಿದ ಜಾಗದಿಂದಲೇ ನಿರ್ಧರಿಸುತ್ತಾರೆ. ಹಾಗಿದ್ದರೆ ಉಳಿದ ಪ್ರಶ್ನೆ ಒಂದೇ: ಆ ಜಾಗ ಮನೆಯೋ ಅಲ್ಲವೋ?

“ಬಂದು ನೋಡ್ರಿ ಸರ್,” ಎಂದು ಜೋಶಿಯವರಿಗೆ ಹೇಳಿದೆ. ಮೇಲ್ಮನವಿ ಅಧಿಕಾರಿಗಳು ಸಾಮಾನ್ಯವಾಗಿ ಕುರ್ಚಿ ಬಿಟ್ಟು ಏಳುವುದಿಲ್ಲ. ನಮ್ಮ ಅದೃಷ್ಟಕ್ಕೆ ಅವರಿಗೆ ಬಾದಾಮಿಯ ಲಾಡ್ಜೊಂದರ ದೂರಿನ ಕೆಲಸವಿತ್ತು. ಅಲ್ಲಿಂದ ಇಳಕಲ್ಲಿಗೆ ಬರಲು ಒಪ್ಪಿದರು.

ಹಿಂದಿನ ದಿನ ನೀಲವ್ವನ ಸೊಸೆಯ ಮೊಬೈಲಿಗೆ ಫೋನ್ ಮಾಡಿ, “ಏನೂ ಸ್ವಚ್ಛ ಮಾಡಬ್ಯಾಡ್ರಿ, ದಿನಾ ಹೆಂಗ ಇರ್ತೀರಿ ಹಂಗ ಇರ್ರಿ” ಎಂದು ಎರಡು ಸಲ ಹೇಳಿದೆ. ಮರುದಿನ ಬಾಗಲಕೋಟೆಯಿಂದ ಬಸ್ಸು ಹಿಡಿದು ಇಳಕಲ್ಲಿಗೆ ಹೋಗಿ ಆ ಮನೆಯ ಹೊಸ್ತಿಲು ದಾಟಿದರೆ, ನಾನು ಹೇಳಿದ ಒಂದು ಮಾತೂ ನಡೆದಿರಲಿಲ್ಲ. ಸಾರಿಸಿದ ನೆಲ, ಬಾಗಿಲಿಗೆ ರಂಗೋಲಿ, ಹೂ ಮುಡಿದ ಮಗ್ಗ. ಫೋಟೋದಲ್ಲಿದ್ದ ಹಾಗೆಯೇ, ಒಂದು ಹಾಸಿಗೆಯಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಂಜುನಾಥನ ಜೊತೆ ಜೋಶಿಯವರು ಒಳಗೆ ಬಂದರು.

ಅವರು ಸುತ್ತಲೂ ನೋಡಿದರು. ಅಡುಗೆಮನೆಯಲ್ಲಿ ಇಣುಕಿದರು. ಮಗ್ಗದ ಹತ್ತಿರ ನಿಂತು ಕೇಳಿದರು, “ಅಮ್ಮಾರ, ನೀವು ಮಲಗೂದು ಎಲ್ಲಿ?”

ನೀಲವ್ವ ನನ್ನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಪರಗಂಡಸಿಗೆ ಮಲಗುವ ಜಾಗ ತೋರಿಸುವುದಕ್ಕಿಂತ ನಂಬರ್ ಹೋಗಲಿ ಎಂದು ಆ ಕ್ಷಣ ಅವಳಿಗೆ ಅನ್ನಿಸಿರಬೇಕು.

“ಹೇಳು ನೀಲವ್ವ. ಇವತ್ತೊಂದಿನ ಲಜ್ಜಿ ಬಿಡು,” ಎಂದೆ.

ಸೊಸೆಗೆ ತಡೆಯಲಾಗಲಿಲ್ಲ. “ಇಲ್ಲೇ ಮಲಗ್ತೀವ್ರಿ ಸಾಹೇಬ್ರ. ನಮ್ಮತ್ತಿ ಮಗ್ಗದ ಮ್ಯಾಲನ ಮಲಗ್ತಾಳ,” ಎಂದು ನಕ್ಕಳು.

“ಮಗ್ಗದ ಮ್ಯಾಲಲ್ಲಲೇ, ಕುಣಿ ಮ್ಯಾಲ,” ಎಂದು ನೀಲವ್ವ ತಿದ್ದಿದಳು. ತಿದ್ದಲು ಬಾಯಿ ತೆರೆದವಳು ಮುಂದೆ ನಿಲ್ಲಲಿಲ್ಲ. ಬಾಗಿಲ ಹಿಂದಿನಿಂದ ಒಂದು ಅಗಲವಾದ ಹಲಗೆ ಎಳೆದು ತಂದಳು. ನೇಯುವಾಗ ಕಾಲು ಇಳಿಬಿಡುವ ಆ ಕುಣಿಯ ಮೇಲೆ ಅದನ್ನು ಇಟ್ಟಳು. ಪೆಟ್ಟಿಗೆಗೆ ಮುಚ್ಚಳ ಕೂತ ಹಾಗೆ ಕೂತಿತು. “ಸಂಜಿಗೆ ನೂಲು ಮ್ಯಾಲೆತ್ತಿ ಕಟ್ಟಿ, ಇದನ್ನ ಹಾಕಿ, ಇದರ ಮ್ಯಾಲ ನಾನೂ ಮೊಮ್ಮಗಳೂ ಮಲಗ್ತೀವ್ರಿ. ಸೊಸಿ ಆ ಕಡೆ. ಈ ಹುಡುಗಿ ಕುಣ್ಯಾಗ ಬಿದ್ದೀತಂತ ಮಾಡಿಸಿದ್ದು. ಈಗ ಇದರ ಮ್ಯಾಲ ಬಿಟ್ಟು ಬ್ಯಾರೆ ಕಡೆ ಅಕಿಗೆ ನಿದ್ದಿ ಬರಂಗಿಲ್ಲ.”

“ಹಾಸಿಗಿ ಎಲ್ಲದಾವ?” ಎಂದರು ಜೋಶಿ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ನೆರೆಮನೆಯ ಶಂಕ್ರವ್ವ, “ನಮ್ಮನ್ಯಾಗ ಅದಾವ್ರಿ. ತರ್ಲೇನು? ಎರಡು ಸಲ ಆತು, ಇವರ ಹಾಸಿಗಿಗೆ ನಾನ ಬಾಡಿಗಿ ಹಚ್ಚಬೇಕು,” ಎಂದಳು. ಎಲ್ಲರೂ ನಕ್ಕರು. ಮಂಜುನಾಥ ಎಲ್ಲರಿಗಿಂತ ಜೋರಾಗಿ ನಕ್ಕ, ಆಮೇಲೆ ಮೊದಲಿನ ಫೋಟೋ ತೆಗೆದವನು ತಾನೇ ಎಂಬುದು ನೆನಪಾಗಿ ತಲೆ ತಗ್ಗಿಸಿದ.

ಜೋಶಿಯವರು ಶೂ ಬಿಚ್ಚಿ ಆ ಹಲಗೆಯ ಮೇಲೆ ಕುಳಿತರು. ಕೈಯಿಂದ ಅದರ ಅಂಚು ಸವರಿದರು. ಮಲಗಿ ಮಲಗಿ ನುಣುಪಾಗಿದ್ದ ಮರ. ಆಗ ನಾನು ಅಂದೆ: “ನಾನೂ ಗುಳೇದಗುಡ್ಡದ ಖಣ ನೇಯೋರ ಮನಿ ಮಗಳು ಸರ್. ನಾನೂ ಇಂಥಾ ಹಲಗಿ ಮ್ಯಾಲ ಮಲಗಿ ದೊಡ್ಡಾಕಿ ಆದಾಕಿ. ನಮ್ಮಲ್ಲಿ ಮಗ್ಗ ಮನಿ ಒಳಗ ಇರಂಗಿಲ್ಲ, ಮಗ್ಗದ ಸುತ್ತ ಮನಿ ಇರತೈತಿ.”

ಅವರು “ಆತು. ಇದು ಮನಿ,” ಎಂದು ಎದ್ದರು. ಶಂಕ್ರವ್ವನ ಹಾಸಿಗೆಗಳು ಬಂದ ಮೇಲೆ ಹೊಸ ಫೋಟೋ ತೆಗೆಯಲು ಮಂಜುನಾಥನಿಗೆ ಹೇಳಿದರು. ನೀಲವ್ವ ಆ ಫೋಟೋದಲ್ಲಿ ನಿಲ್ಲಲು ಒಪ್ಪಲಿಲ್ಲ.

ಆದೇಶ ಬಂದಾಗ ನಾನು ಅದನ್ನು ಕಚೇರಿಯಲ್ಲಿ ನಿಂತುಕೊಂಡೇ ಓದಿದೆ. ಮನೆಯ ಪ್ಲಾನನ್ನು ಮೊದಲಿನ ತಾರೀಖಿನಿಂದ ಮರಳಿ ಜಾರಿಗೆ ತರುವುದು. ನಂಬರ್ ಹಾಗೆಯೇ ಉಳಿಸುವುದು. ಡಿಪಾಜಿಟ್ಟಿನ ಮೇಲಿನ ಜಿ.ಎಸ್.ಟಿ. ತೆಗೆದು ಬಿಲ್ಲನ್ನು ಸರಿಪಡಿಸುವುದು. ಇಷ್ಟನ್ನು ನಾವು ಕೇಳಿದ್ದೆವು. ಕೇಳದೆ ಇದ್ದದ್ದೂ ಒಂದಿತ್ತು: ‘ಸರ್ಕಾರಿ ಶುಲ್ಕ’ ಎಂಬ ಸಾಲನ್ನು ಆ ಕಂಪನಿಯ ಎಲ್ಲ ಮನೆ ಗಿರಾಕಿಗಳ ಬಿಲ್ಲಿನಿಂದಲೂ ತೆಗೆಯುವುದು. ಹುನಗುಂದ, ಇಳಕಲ್, ಗುಳೇದಗುಡ್ಡ, ಬಾದಾಮಿಯ ಅದೆಷ್ಟೋ ಮನೆಗಳಲ್ಲಿ, ನೀಲವ್ವನ ಹೆಸರೂ ಕೇಳದವರ ಬಿಲ್ಲಿನಿಂದ ಆ ಸಾಲು ಹೋಯಿತು.

ನೀಲವ್ವನಿಗೆ ಸುದ್ದಿ ಹೇಳಲು ಬೇಕೆಂದೇ ಸೊಸೆಯ ಮೊಬೈಲಿಗೆ ಮಾಡಲಿಲ್ಲ. ಲೈನು ಚಾಲೂ ಆಯಿತೆಂದು ಮಂಜುನಾಥ ತಿಳಿಸಿದ ಮರುದಿನ ಬೆಳಿಗ್ಗೆ ಆ ನಂಬರಿಗೇ ಮಾಡಿದೆ. ಎಂಗೇಜ್ ಬಂತು. ಚಹಾ ಕುಡಿದು ಮಾಡಿದೆ, ಎಂಗೇಜ್. ಇಬ್ಬರು ಗಿರಾಕಿಗಳನ್ನು ಕಳಿಸಿ ಮಾಡಿದೆ, ಎಂಗೇಜ್. ಎಷ್ಟೋ ವರ್ಷ ದೂರವಾಣಿ ಕೆಲಸದಲ್ಲಿದ್ದವಳಿಗೆ ಆ ಸದ್ದು ಅಷ್ಟು ಚಂದ ಕೇಳಿದ್ದು ಅದೊಂದೇ ದಿನ. ಮಧ್ಯಾಹ್ನ ಲೈನು ಸಿಕ್ಕಾಗ ಅವಳು ಅವಸರದಲ್ಲಿದ್ದಳು.

“ಅಕ್ಕಾರ, ಭಾಳ ಛಲೋ ಆತ್ರಿ. ಆಮ್ಯಾಲ ಮಾತಾಡೂನು. ಸಾಂಗಲಿಯವ್ರು ಮಾಡ್ತೇನಿ ಅಂದಾರ, ಲೈನ್ ಬಿಡ್ರಿ.”

ಬಿಟ್ಟೆ.

ಈ ಪ್ರಕರಣ ನನ್ನ ವೃತ್ತಿಗೆ ಕಲಿಸಿದ್ದೇನು ಎಂದು ಕೇಳಿದರೆ, ಇಷ್ಟು: ‘ಇದು ಸರ್ಕಾರದ್ದು’ ಎಂದು ಯಾರಾದರೂ ಹೇಳಿದರೆ ಅಲ್ಲಿಯೇ ನಿಂತು, ಯಾವ ಕಾಯ್ದೆ, ಯಾರ ಹೊಣೆ ಎಂದು ಕೇಳಬೇಕು. ಫೋನಿನ ಬಿಲ್ಲು ಕೈಗೆ ಬಂದರೆ ಬಾಡಿಗೆ ಯಾವುದು, ತೆರಿಗೆ ಯಾವುದು, ಕಂಪನಿ ತನ್ನ ಖರ್ಚಿಗೆ ಕೊಟ್ಟ ಹೆಸರು ಯಾವುದು ಎಂದು ಬಿಡಿಸಿ ನೋಡಬೇಕು. ಬಿಲ್ಲಿನಲ್ಲಿ ಬರೆದದ್ದೆಲ್ಲ ಖರೆ ಎಂದು ಒಪ್ಪುವ ಅಗತ್ಯವಿಲ್ಲ. ಈಗಲೂ ಬುಧವಾರ ಬಂದವರಿಗೆ ಇದನ್ನೇ ಹೇಳುತ್ತೇನೆ.

ನನ್ನ ತಲೆಯಲ್ಲಿ ಬರೆದಿರುವುದನ್ನೂ ಹಾಗೆ ಬಿಡಿಸಿ ನೋಡಬೇಕಲ್ಲ. ಇದನ್ನು ಬರೆಯಲು ಕುಳಿತಾಗ ನಮ್ಮ ಗುಳೇದಗುಡ್ಡದ ಮನೆಯನ್ನು ನೆನಪಿಗೆ ತಂದುಕೊಂಡೆ. ಮಗ್ಗ ಕಾಣುತ್ತದೆ. ಅಪ್ಪ ಕಾಲು ಇಳಿಬಿಟ್ಟು ಕುಳಿತದ್ದು ಕಾಣುತ್ತದೆ. ಹಲಗೆಯೂ ಕಾಣುತ್ತದೆ, ಆದರೆ ಅದರ ಅಂಚಿನ ನುಣುಪು, ಅದರ ಅಗಲ ಎಲ್ಲವೂ ನೀಲವ್ವನ ಮನೆಯ ಹಲಗೆಯದೇ. ಅಂದು ಜೋಶಿಯವರ ಮುಂದೆ ಹೇಳಿದ್ದನ್ನು ನಾನು ನೆನಪಿನಿಂದ ಹೇಳಿದೆನೋ, ಕಣ್ಣೆದುರು ಕಂಡದ್ದನ್ನೇ ನೆನಪೆಂದು ತಿಳಿದೆನೋ? ಆದೇಶ ನಿಂತಿರುವುದು ಆ ಮಾತಿನ ಮೇಲಲ್ಲ, ನೀಲವ್ವನ ಹಲಗೆಯ ಮೇಲೆ. ಆದರೂ ನಾನು ಹೇಳಿದ್ದು ಖರೆಯೋ ಅಲ್ಲವೋ ಎಂದು ನನಗೆ ತಿಳಿಯಬೇಕು.

ಆ ಮನೆಯಲ್ಲಿ ಬೆಳೆದವರಲ್ಲಿ ಈಗ ಉಳಿದವರು ನಾನು ಮತ್ತು ನನ್ನ ಅಣ್ಣ. ಬಾದಾಮಿಯಲ್ಲಿ ಸಾಲಿ ಮಾಸ್ತರನಾಗಿದ್ದು ನಿವೃತ್ತನಾಗಿದ್ದಾನೆ. ಹೋದ ತಿಂಗಳು ಅವನಿಗೆ ಫೋನ್ ಮಾಡಿ ಕೇಳಿದೆ.

“ಅಣ್ಣಾ, ನಮ್ಮ ಮನ್ಯಾಗ ಮಗ್ಗದ ಕುಣಿ ಮ್ಯಾಲ ಹಲಗಿ ಇತ್ತೇನು? ಅದರ ಮ್ಯಾಲ ನಾ ಮಲಗತಿದ್ದೆನೇನು?”

“ತಡಿ, ನೆನಪು ಮಾಡಿಕೊಂಡು ಹೇಳ್ತೇನಿ,” ಎಂದು ಇಟ್ಟ. ಆಮೇಲೆ ಅವನು ಎರಡು ಸಲ ಫೋನ್ ಮಾಡಿದ್ದಾನೆ. ಬಿಸಿಲಿನ ವಿಷಯ, ಮೊಣಕಾಲು ನೋವಿನ ವಿಷಯ ಮಾತಾಡಿದ್ದಾನೆ. ಹಲಗೆಯ ವಿಷಯ ಇನ್ನೂ ಹೇಳಿಲ್ಲ.